ಚಕ್ಕಡಿಯ ನೊಗದಿಂದ ಕಾರಿನ ಪಟ್ಟಿಯವರೆಗೆ



ನಿಮ್ಮಲ್ಲಿ ಬಹಳಷ್ಟು ಜನ ಇಂದು ಸ್ವಂತ ಕಾರುಳ್ಳವರು. ದೀಪಾವಳಿಗೆ, ಯುಗಾದಿಗೆ, ಗದುಗಿನ ತೋಂಟದಾರ್ಯ ಮಠದ ಜಾತ್ರೆಗೆ, ಶಿರಹಟ್ಟಿಯ ಫಕೀರೇಶ್ವರ ಮಠದ ಜಾತ್ರೆಗೆ ಬೆಂಗಳೂರು, ಪುಣೆ, ಹುಬ್ಬಳ್ಳಿಗಳಿಂದ ಕುಟುಂಬಸಮೇತ ಬರುತ್ತೀರಿ. ಮರಳುವಾಗ ಜೋಳದ ಚೀಲ, ಉಳ್ಳಾಗಡ್ಡಿಯ ಗಂಟು, ಕೆಂಪು ಹಿಂಡಿಯ ಭರಣಿ, ಖಡಕ್ ರೊಟ್ಟಿಯ ಡಬ್ಬಿ ಇವೆಲ್ಲ ಕಾರನ್ನು ಏರುತ್ತವೆ. ಅವುಗಳ ನಡುವೆ ಮಕ್ಕಳು, ಮುದುಕರು ಕೂಡುತ್ತಾರೆ. ತವರಿನ ಗಂಟು ಹಗುರಾಗಬೇಕೆಂದು ನಾನು ಹೇಳಲಾರೆ. ಅದನ್ನು ಹೇರುವ ರೀತಿಯ ಕುರಿತು ಮಾತ್ರ ನಾಲ್ಕು ಮಾತು ಬರೆಯಬೇಕೆನ್ನಿಸಿದೆ.

ಮೋಟಾರಿನ ಇತಿಹಾಸವೆಂದರೆ ವೇಗದ ಇತಿಹಾಸವೆಂದೇ ನಾವು ತಿಳಿದಿದ್ದೇವೆ. ಯಾವ ಯಂತ್ರ ಯಾವ ವರ್ಷ ಬಂದಿತು, ಎಷ್ಟು ವೇಗವಾಗಿ ಓಡಿತು ಎಂಬ ವಿವರ ಎಲ್ಲ ಪುಸ್ತಕಗಳಲ್ಲಿಯೂ ದೊರೆಯುತ್ತದೆ. ಆದರೆ ವಾಹನದ ಮೇಲೆ ಭಾರವನ್ನು ಹೇಗೆ ಹೇರಬೇಕು, ಅದನ್ನು ಎಲ್ಲಿ ಹೇಗೆ ನಿಲ್ಲಿಸಬೇಕು, ಅದರೊಳಗೆ ಹೇಗೆ ಕೂಡಬೇಕು ಎಂಬುದಕ್ಕೂ ಒಂದು ಇತಿಹಾಸವುಂಟು. ಅದು ನಮ್ಮ ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ದಾರಿಗಳಲ್ಲಿಯೂ ನಡೆದ ಇತಿಹಾಸ. ಅದನ್ನು ಅರಿತರೆ ನಾವು ಏನನ್ನು ಪಡೆದೆವು, ಏನನ್ನು ಕಳೆದುಕೊಂಡೆವು ಎಂಬುದು ಸ್ಪಷ್ಟವಾಗುತ್ತದೆ.

ಹೇರುವ ವಿದ್ಯೆ

ಕನ್ನಡದಲ್ಲಿ 'ಹೇರು' ಎಂಬುದು ನಾಮಪದವೂ ಹೌದು, ಕ್ರಿಯಾಪದವೂ ಹೌದು. ಎತ್ತಿನ ಬೆನ್ನ ಮೇಲಿನ ಒಂದು ಹೊರೆಗೆ ಹೇರು ಎಂದು ಹೆಸರು. ಹಳೆಯ ಶಾಸನಗಳಲ್ಲಿ ವ್ಯಾಪಾರಿಗಳ ಸುಂಕವನ್ನು ಹೇರಿನ ಲೆಕ್ಕದಲ್ಲಿ ಹೇಳುವುದುಂಟು. ಪುಲಿಗೆರೆಯೆಂದು ಹೆಸರಾಗಿದ್ದ ಇಂದಿನ ಲಕ್ಷ್ಮೇಶ್ವರದಂತಹ ಪಟ್ಟಣಗಳು ಇಂತಹ ಹೇರುಗಳಿಂದಲೇ ಬೆಳೆದವು. ಎತ್ತಿನ ಎರಡು ಪಕ್ಕೆಗಳಿಗೆ ಸಮತೂಕದ ಚೀಲ ಬೀಳದಿದ್ದರೆ ಹೇರು ಜಾರುತ್ತದೆ, ಎತ್ತು ನೋಯುತ್ತದೆ. ಸಮತೂಕವೇ ಈ ವಿದ್ಯೆಯ ಮೊದಲ ಪಾಠವಾಗಿತ್ತು.

ಹತ್ತೊಂಬತ್ತನೆಯ ಶತಮಾನದಲ್ಲಿ ನಮ್ಮ ಸೀಮೆಯ ಹತ್ತಿ ದೂರದ ದೇಶಗಳಿಗೆ ಹೊರಟಿತು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿ ಇಂಗ್ಲೆಂಡಿಗೆ ಬಾರದಾದಾಗ ಧಾರವಾಡ ಸೀಮೆಯ ಹತ್ತಿಗೆ ಚಿನ್ನದ ಬೆಲೆ ಬಂದಿತು. ರೈಲು ಇನ್ನೂ ಬಂದಿರಲಿಲ್ಲ. ಗದುಗಿನ ಸುತ್ತಲಿನ ಹತ್ತಿಯ ಅಂಡಿಗೆಗಳು ಚಕ್ಕಡಿಗಳ ಮೇಲೆ ಘಟ್ಟವಿಳಿದು ಕುಮಟಾ ಬಂದರವನ್ನು ಸೇರುತ್ತಿದ್ದವು. ಮುಂಬಯಿಯ ಮಾರುಕಟ್ಟೆಯಲ್ಲಿ ಈ ಹತ್ತಿಗೆ ಕುಮಟಾ ಹತ್ತಿಯೆಂದೇ ಹೆಸರು ಬಿದ್ದಿತು. 1880ರ ದಶಕದಲ್ಲಿ ಗದುಗಿಗೆ ರೈಲು ಬಂದ ಮೇಲೆ ಚಕ್ಕಡಿಗಳು ನಿಲ್ದಾಣದವರೆಗೆ ಮಾತ್ರ ನಡೆಯತೊಡಗಿದವು. ಅದೇ ದಶಕದಲ್ಲಿ, 1886ರಲ್ಲಿ, ಜರ್ಮನಿಯ ಕಾರ್ಲ್ ಬೆಂಜ್ ತನ್ನ ಮೋಟಾರುಗಾಡಿಗೆ ಪೇಟೆಂಟು ಪಡೆದನು.

ಚಕ್ಕಡಿಯನ್ನು ಹೇರುವುದು ಸಾಮಾನ್ಯ ಕೆಲಸವಲ್ಲ. ಎರಡು ಗಾಲಿಯ ಗಾಡಿಯ ಭಾರವೆಲ್ಲ ಅಚ್ಚಿನ ಮೇಲೆ ನಿಲ್ಲಬೇಕು. ಮುಂಭಾಗದ ಭಾರ ಹೆಚ್ಚಾದರೆ ನೊಗ ಎತ್ತುಗಳ ಹೆಗಲನ್ನು ಒತ್ತುತ್ತದೆ. ಹಿಂಭಾಗದ ಭಾರ ಹೆಚ್ಚಾದರೆ ನೊಗ ಮೇಲೆದ್ದು ಎತ್ತಿನ ಕೊರಳ ಪಟ್ಟಿ ಬಿಗಿಯುತ್ತದೆ. ಏರು ಬಂದಾಗ ಕೂತವರು ಮುಂದಕ್ಕೆ ಸರಿಯಬೇಕು, ಇಳಿಜಾರಿನಲ್ಲಿ ಹಿಂದಕ್ಕೆ ಸರಿಯಬೇಕು. ಭಾರವಾದ ಚೀಲ ತಳದಲ್ಲಿ, ಹಗುರಾದದ್ದು ಮೇಲೆ. ಎಲ್ಲದರ ಮೇಲೆ ಹಗ್ಗದ ಬಿಗಿತ. ನಿಂತಾಗ ಗಾಲಿಗೆ ಕಲ್ಲು, ರಾತ್ರಿಯಾದರೆ ಅಚ್ಚಿನ ಕೆಳಗೆ ಕಂದೀಲು. ಹೊರಡುವ ಮೊದಲು ಕೀಲು ನೋಡಬೇಕು, ಕೀಲೆಣ್ಣೆ ಹಾಕಬೇಕು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಈ ತಿಳಿವಳಿಕೆ ಗಾಡಿ ಹೊಡೆಯುವವನೊಬ್ಬನದಾಗಿರಲಿಲ್ಲ. ಏರಿನಲ್ಲಿ ಮುಂದಕ್ಕೆ ಸರಿಯಬೇಕೆಂಬುದು ಗಾಡಿಯಲ್ಲಿ ಕೂತ ಅಜ್ಜಿಗೂ ಗೊತ್ತಿತ್ತು. ಗಾಲಿಗೆ ಕಲ್ಲು ತಂದಿಡುವುದು ಎಂಟು ವರ್ಷದ ಹುಡುಗನ ಕೆಲಸವಾಗಿತ್ತು. ವಾಹನದ ವಿದ್ಯೆ ಮನೆಯವರೆಲ್ಲರ ವಿದ್ಯೆಯಾಗಿತ್ತು. ಹಾಗೆಂದು ಆ ಕಾಲವೇ ಸುಖದ ಕಾಲವೆಂದು ಯಾರೂ ಭಾವಿಸಬಾರದು. ಚಕ್ಕಡಿಗಳು ಉರುಳುತ್ತಿದ್ದವು, ಜನ ಕೈಕಾಲು ಮುರಿದುಕೊಳ್ಳುತ್ತಿದ್ದರು. ಆದರೆ ಎತ್ತಿನ ವೇಗದಲ್ಲಿ ತಪ್ಪಿಗೆ ತೆರುವ ಬೆಲೆ ಬಹುತೇಕ ಸಣ್ಣದಾಗಿರುತ್ತಿತ್ತು.

ಟಾಂಗಾಕೂಟದ ಪಾಠ

ಸ್ವಾತಂತ್ರ್ಯಪೂರ್ವದಲ್ಲಿ ನಮ್ಮ ಈ ನಾಲ್ಕು ಊರುಗಳು ಒಂದೇ ಆಡಳಿತದಲ್ಲಿ ಇರಲಿಲ್ಲ. ಗದಗ-ಬೆಟಗೇರಿಯೂ ಮುಂಡರಗಿಯೂ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಗೆ ಸೇರಿದ್ದವು. ಲಕ್ಷ್ಮೇಶ್ವರ ಮಿರಜ ಸಂಸ್ಥಾನದ್ದು, ಶಿರಹಟ್ಟಿ ಸಾಂಗಲಿ ಸಂಸ್ಥಾನದ್ದು. ಒಂದು ದಿನದ ಗಾಡಿ ಪ್ರಯಾಣದಲ್ಲಿಯೇ ರಾಜ್ಯದ ಗಡಿ ದಾಟಬೇಕಾಗುತ್ತಿತ್ತು. ಗದುಗಿನಲ್ಲಿ ಇಂದಿಗೂ 'ಮುಳಗುಂದ ನಾಕಾ' ಎನ್ನುತ್ತೇವೆ. ಗಾಡಿಯನ್ನು ನಿಲ್ಲಿಸಿ ಹೇರನ್ನು ನೋಡಿ ಸುಂಕ ಪಡೆಯುವ ಸ್ಥಳಕ್ಕೆ ನಾಕಾ ಎಂದು ಹೆಸರು. ಸುಂಕ ಹೋದ ಮೇಲೂ ಹೆಸರು ಉಳಿಯಿತು.

ಅದೇ ಗದುಗಿನ 'ಟಾಂಗಾಕೂಟ' ಎಂಬ ಹೆಸರನ್ನೂ ನೆನೆಯಿರಿ. ಟಾಂಗಾಗಳು ಕೂಡಿ ನಿಲ್ಲುವ ಸ್ಥಳವದು. ಇಂದಿನ ಮಾತಿನಲ್ಲಿ ಹೇಳುವುದಾದರೆ ವಾಹನ ನಿಲುಗಡೆಯ ತಾಣ. ಟಾಂಗಾಗಳು ಮರೆಯಾದರೂ ನಿಲುಗಡೆಗೆ ಒಂದು ಗೊತ್ತಾದ ಜಾಗ ಬೇಕೆಂಬ ಹಿರಿಯರ ತಿಳಿವಳಿಕೆಗೆ ಆ ಹೆಸರು ಸಾಕ್ಷಿಯಾಗಿ ಉಳಿದಿದೆ.

ಕುದುರೆಗಾಡಿ ನಮ್ಮ ಕಾರಿನೊಳಗೆ ಇನ್ನೂ ಎರಡು ಗುರುತುಗಳನ್ನು ಬಿಟ್ಟುಹೋಗಿದೆ. ಕಾರಿನ ಮುಂಭಾಗದ ಫಲಕಕ್ಕೆ ನಾವು ಡ್ಯಾಶ್‌ಬೋರ್ಡ್ ಎನ್ನುತ್ತೇವೆ. ಕುದುರೆಯ ಗೊರಸಿನಿಂದ ಚಿಮ್ಮುವ ಕೆಸರು ಕೂತವರಿಗೆ ತಾಗದಿರಲೆಂದು ಇಂಗ್ಲೆಂಡಿನ ಗಾಡಿಗಳಲ್ಲಿ ಮುಂದೆ ಕಟ್ಟುತ್ತಿದ್ದ ಹಲಗೆಗೆ ಮೊದಲು ಆ ಹೆಸರಿತ್ತು. ಇನ್ನು ಡಿಕ್ಕಿ. ಹಳೆಯ ಸಾರೋಟುಗಳ ಹಿಂಬದಿಯಲ್ಲಿ ಆಳುಗಳು ಕೂಡಲೆಂದು ಹೊರಗೆ ಮಾಡಿದ್ದ ಆಸನಕ್ಕೆ ಡಿಕ್ಕಿ ಎನ್ನುತ್ತಿದ್ದರು. ಆರಂಭದ ಮೋಟಾರುಗಳಲ್ಲಿಯೂ ಹಿಂದೆ ತೆರೆದು ಮಡಿಸುವ ಅಂತಹ ಆಸನವಿರುತ್ತಿತ್ತು. ಆಸನ ಹೋಗಿ ಸಾಮಾನಿನ ಪೆಟ್ಟಿಗೆಯಾದರೂ ನಮ್ಮ ದೇಶದಲ್ಲಿ ಹೆಸರು ಹಾಗೆಯೇ ನಿಂತಿತು. ಹಿಂದೆ ಕೂತವನ ಕ್ಷೇಮದ ವಿಚಾರ ವಾಹನಗಳ ಇತಿಹಾಸದಲ್ಲಿ ಕೊನೆಗೇ ಬಂದಿತೆಂಬುದನ್ನು ಈ ಮಾತು ಸೂಚಿಸುವಂತಿದೆ. ಮುಂದೆ ಇದನ್ನು ಇನ್ನಷ್ಟು ನೋಡೋಣ.

ಮೋಟಾರು ಬಂದಿತು, ಕಾನೂನು ಹಿಂದೆ ಬಂದಿತು

ಭಾರತಕ್ಕೆಲ್ಲ ಅನ್ವಯಿಸುವ ಮೊದಲ ಮೋಟಾರು ವಾಹನ ಕಾಯಿದೆ ಬಂದದ್ದು 1914ರಲ್ಲಿ. ಅದರ ಸ್ಥಾನದಲ್ಲಿ 1939ರ ಕಾಯಿದೆ ಬಂದಿತು. ಇಂದು ಜಾರಿಯಲ್ಲಿರುವುದು 1988ರ ಕಾಯಿದೆ. ಅದು 1989ರ ಜುಲೈ 1ರಂದು ಜಾರಿಗೆ ಬಂದು, 2019ರಲ್ಲಿ ದೊಡ್ಡ ತಿದ್ದುಪಡಿ ಕಂಡಿತು. ಈ ಕಾಯಿದೆಯ ಕೆಲವು ಕಲಮುಗಳನ್ನು ಓದಿದರೆ ಅವು ನಮ್ಮ ಚಕ್ಕಡಿಯ ಶಾಸ್ತ್ರವನ್ನೇ ಬರೆದಿಟ್ಟಂತೆ ತೋರುತ್ತವೆ. ಇತರರಿಗೆ ಅಪಾಯವಾಗುವಂತೆ ವಾಹನವನ್ನು ಬಿಟ್ಟುಹೋಗಬಾರದೆಂದು 122ನೆಯ ಕಲಮು ಹೇಳುತ್ತದೆ. ಚಾಲಕನು ಇಳಿದುಹೋಗುವಾಗ ವಾಹನ ತಾನಾಗಿ ಚಲಿಸದಂತೆ ಯಂತ್ರವನ್ನು ನಿಲ್ಲಿಸಿ ಬ್ರೇಕು ಹಾಕಿರಬೇಕೆಂದು 126ನೆಯ ಕಲಮು ಹೇಳುತ್ತದೆ. ಗಾಲಿಗೆ ಕಲ್ಲು ಕೊಡು ಎಂಬ ಮಾತೇ ಇದು. ವಾಹನದ ಮೇಲೆ, ಬಾನೆಟ್ಟಿನ ಮೇಲೆ, ಪಕ್ಕದ ಮೆಟ್ಟಿಲಿನ ಮೇಲೆ ಜನರನ್ನು ಒಯ್ಯಬಾರದೆಂಬುದು 123ನೆಯ ಕಲಮು. ಚಾಲಕನ ಕೈಗಳಿಗೆ ಅಡ್ಡಿಯಾಗುವಂತೆ ಯಾರನ್ನೂ ಕೂಡಿಸಬಾರದು, ಏನನ್ನೂ ಇಡಬಾರದು ಎಂಬುದು 125ನೆಯ ಕಲಮು.

ಈ ಕೊನೆಯ ಎರಡು ಕಲಮುಗಳನ್ನು ನಾವು ಎಷ್ಟು ಪಾಲಿಸಿದೆವು? 1958ರಿಂದ 2014ರವರೆಗೆ ತಯಾರಾದ ಅಂಬಾಸಡರ್ ಕಾರಿನಲ್ಲಿ ಬಹುಕಾಲ ಮುಂದಿನ ಆಸನ ಉದ್ದನೆಯ ಬೆಂಚಿನಂತಿತ್ತು, ಗೇರಿನ ಕೋಲು ಸ್ಟೀರಿಂಗಿನ ಪಕ್ಕದಲ್ಲಿತ್ತು. ಆದುದರಿಂದ ಮುಂದೆ ಮೂವರು, ಒಮ್ಮೊಮ್ಮೆ ನಾಲ್ವರು ಕೂಡುವುದು ರೂಢಿಯಾಯಿತು. ಬಾಡಿಗೆ ಕಾರಿನಲ್ಲಿ ಚಾಲಕ ಬಾಗಿಲಿಗೆ ಒತ್ತಿಕೊಂಡು ಓರೆಯಾಗಿ ಕೂತು ಓಡಿಸುವ ದೃಶ್ಯ ನಿಮ್ಮಲ್ಲಿ ಹಿರಿಯರಿಗೆ ನೆನಪಿರಬಹುದು. 1983ರ ಡಿಸೆಂಬರ್ 14ರಂದು ಮೊದಲ ಮಾರುತಿ 800 ಕಾರಿನ ಕೀಲಿಯನ್ನು ಪ್ರಧಾನಿ ಇಂದಿರಾ ಗಾಂಧಿಯವರು ಖರೀದಿದಾರರ ಕೈಗಿತ್ತರು. ಅಲ್ಲಿಂದ ಮಧ್ಯಮ ವರ್ಗದ ಮನೆಯ ಮುಂದೆಯೂ ಕಾರು ನಿಲ್ಲುವ ಕಾಲ ಬಂದಿತು. ಆ ಮೇಲೆ ಬಂದ ಮಾರುತಿ ವ್ಯಾನು, ಮುಂದೆ ಓಮ್ನಿಯೆಂದು ಹೆಸರಾಗಿ, ನಮ್ಮ ತಾಲೂಕುಗಳಲ್ಲಿ ಮದುವೆಯ ದಿಬ್ಬಣಕ್ಕೂ ಶಾಲೆಯ ಮಕ್ಕಳಿಗೂ ಆಸ್ಪತ್ರೆಯ ರೋಗಿಗೂ ಒದಗಿತು. ಅದರ ಉಪಕಾರವನ್ನು ಮರೆಯಲಾಗದು. ಆದರೆ ಹಿಡಿಸಿದಷ್ಟು ಜನ ಹತ್ತಬಹುದೆಂಬ ಅಭ್ಯಾಸವೂ ಅಂತಹ ವಾಹನಗಳಿಂದಲೇ ಬಲಿಯಿತು. 2022ರ ಮೇ ತಿಂಗಳಲ್ಲಿ ಧಾರವಾಡ ತಾಲೂಕಿನ ಬಾಡ ಗ್ರಾಮದ ಬಳಿ ಶುಭಕಾರ್ಯ ಮುಗಿಸಿ ಮರಳುತ್ತಿದ್ದವರ ಕ್ರೂಸರ್ ಮರಕ್ಕೆ ಗುದ್ದಿತು. ಅದರಲ್ಲಿ ಸುಮಾರು ಇಪ್ಪತ್ತು ಜನರಿದ್ದರು. ಮಕ್ಕಳೂ ಸೇರಿ ಹಲವರು ತೀರಿಕೊಂಡರು.

ಒಂದು ಪಟ್ಟಿಯ ಕಥೆ

ಸೊಂಟಕ್ಕೂ ಎದೆಗೂ ಸೇರಿ ಬಿಗಿಯುವ ಇಂದಿನ ಸೀಟ್ ಬೆಲ್ಟ್ ರೂಪುಗೊಂಡದ್ದು 1959ರಲ್ಲಿ, ಸ್ವೀಡನ್ನಿನ ವೋಲ್ವೋ ಕಂಪನಿಯಲ್ಲಿ. ಅದನ್ನು ಮಾಡಿದ ನೀಲ್ಸ್ ಬೋಲಿನ್ ಎಂಬ ಎಂಜಿನಿಯರ್ ಅದಕ್ಕೆ ಮೊದಲು ಯುದ್ಧವಿಮಾನಗಳಿಂದ ಪೈಲಟನನ್ನು ಹೊರಕ್ಕೆ ಚಿಮ್ಮಿಸುವ ಆಸನಗಳನ್ನು ರೂಪಿಸುತ್ತಿದ್ದನು. ಮನುಷ್ಯನನ್ನು ಹೊರಗೆಸೆಯುವ ವಿದ್ಯೆಯನ್ನು ಬಲ್ಲವನೇ ಅವನನ್ನು ಒಳಗೆ ಹಿಡಿದಿಡುವ ವಿದ್ಯೆಯನ್ನು ಕೊಟ್ಟನು. ಕಂಪನಿ ಈ ಪೇಟೆಂಟನ್ನು ಇತರ ತಯಾರಕರೂ ಬಳಸಲೆಂದು ಬಿಟ್ಟುಕೊಟ್ಟಿತು. ಆದರೂ ಈ ಪಟ್ಟಿ ನಮ್ಮ ದೇಶದ ಕಾರುಗಳ ಮುಂದಿನ ಆಸನಕ್ಕೆ ನಿಯಮವಾಗಿ ಬರಲು 1990ರ ದಶಕವೇ ಬೇಕಾಯಿತು. ಹಿಂದಿನ ಆಸನಕ್ಕೆ ಬಂದದ್ದು ಅದಕ್ಕೂ ತಡವಾಗಿ. ಸಾರೋಟಿನ ಡಿಕ್ಕಿಯಲ್ಲಿ ಕೂತ ಆಳಿನ ಪಾಡೇ ಹಿಂದಿನ ಆಸನದವರಿಗೂ ಆಯಿತೆನ್ನಬೇಕು. ನಮ್ಮ ಮನೆಗಳಲ್ಲಿ ಹಿಂದೆ ಕೂಡುವವರು ಯಾರು? ಹೆಂಗಸರು, ಮಕ್ಕಳು, ಮುದುಕರು.

2022ರ ಸೆಪ್ಟೆಂಬರ್ 4ರಂದು ಉದ್ಯಮಿ ಸೈರಸ್ ಮಿಸ್ತ್ರಿಯವರಿದ್ದ ಕಾರು ಮಹಾರಾಷ್ಟ್ರದ ಪಾಲಘರ ಜಿಲ್ಲೆಯಲ್ಲಿ ಸೇತುವೆಯ ಗೋಡೆಗೆ ಗುದ್ದಿತು. ಅತ್ಯಂತ ಬೆಲೆಬಾಳುವ ಕಾರದು. ಒಳಗೆ ನಾಲ್ವರು. ಮುಂದಿದ್ದ ಇಬ್ಬರು ಗಾಯಗೊಂಡು ಬದುಕಿದರು. ಹಿಂದೆ ಪಟ್ಟಿ ಕಟ್ಟದೆ ಕೂತಿದ್ದ ಇಬ್ಬರೂ ತೀರಿಕೊಂಡರು. ಹಿಂದಿನ ಆಸನ ಸುರಕ್ಷಿತವೆಂಬ ನಂಬಿಕೆ ಎಷ್ಟು ಪೊಳ್ಳೆಂಬುದನ್ನು ದೇಶವೆಲ್ಲ ಅಂದು ಕಂಡಿತು. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯಂತೆ 2021ರಲ್ಲಿ ಸೀಟ್ ಬೆಲ್ಟ್ ಧರಿಸದೆ ಸತ್ತವರು 16,397 ಜನ. ಅವರಲ್ಲಿ ಚಾಲಕರು 8,438, ಉಳಿದ 7,959 ಜನ ಪ್ರಯಾಣಿಕರು.

ತರಗತಿಯಲ್ಲಿ ಮಾಡಿದಂತೆ ಒಂದು ಲೆಕ್ಕ ಮಾಡೋಣ. ಗಂಟೆಗೆ 54 ಕಿ.ಮೀ. ಎಂದರೆ ಸೆಕೆಂಡಿಗೆ 15 ಮೀಟರ್. ಈ ವೇಗದಲ್ಲಿ ಗುದ್ದಿ, ಸೆಕೆಂಡಿನ ಹತ್ತನೆಯ ಒಂದು ಭಾಗದಲ್ಲಿ ಕಾರು ನಿಂತರೆ, ಒಳಗಿನ ಪ್ರತಿಯೊಂದು ವಸ್ತುವನ್ನು ತಡೆಯಲು ಅದರ ತೂಕದ ಸುಮಾರು 15 ಪಟ್ಟು ಬಲ ಬೇಕು. ತೊಡೆಯ ಮೇಲಿನ 10 ಕಿಲೋ ಕೂಸು ಆ ಕ್ಷಣಕ್ಕೆ 150 ಕಿಲೋ ಆಗುತ್ತದೆ. ಯಾವ ತಾಯಿಯ ತೋಳಿಗೂ ಅದನ್ನು ಹಿಡಿಯುವ ಶಕ್ತಿಯಿಲ್ಲ. ಹಿಂದಿನ ಗಾಜಿನ ಕೆಳಗಿನ ಹಲಗೆಯ ಮೇಲಿಟ್ಟ ಐದು ಕಿಲೋ ಉಳ್ಳಾಗಡ್ಡಿಯ ಚೀಲ 75 ಕಿಲೋ ಭಾರದ ಪೆಟ್ಟಾಗಿ ಮುಂದಿನವರ ತಲೆಗೆ ಬರುತ್ತದೆ. 2019ರ ತಿದ್ದುಪಡಿಯಲ್ಲಿ ಸೇರಿದ 194ಬಿ ಕಲಮು 14 ವರ್ಷದೊಳಗಿನ ಮಕ್ಕಳನ್ನು ಪಟ್ಟಿಯಿಂದಲೋ ಮಕ್ಕಳ ಆಸನದಿಂದಲೋ ಭದ್ರಪಡಿಸಬೇಕೆಂದು ಹೇಳುವುದು ಇದೇ ಕಾರಣಕ್ಕೆ. ದಂಡ ತಪ್ಪಿಸಲೆಂದು ಪಟ್ಟಿ ಕಟ್ಟುವವರಿಗೆ ಈ ಲೆಕ್ಕವನ್ನು ತೋರಿಸಿರಿ.

ಒಳಗಿನ ಉಪಕರಣಗಳು

2014ರ ಜನವರಿಯಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಎಂಬ ಸಂಸ್ಥೆ ಭಾರತದಲ್ಲಿ ಮಾರಾಟವಾಗುತ್ತಿದ್ದ ಐದು ಕಾರುಗಳ ಮೂಲಮಾದರಿಗಳನ್ನು ಗುದ್ದಿಸಿ ಪರೀಕ್ಷಿಸಿತು. ಐದಕ್ಕೂ ದೊರೆತದ್ದು ಸೊನ್ನೆ ನಕ್ಷತ್ರ. ಪರೀಕ್ಷೆಯಲ್ಲಿ ಇಡೀ ತರಗತಿಯೇ ಸೊನ್ನೆ ಪಡೆದಂತೆ! ಆ ಬಳಿಕ ನಿಯಮಗಳು ಬಿಗಿಯಾದವು. 2019ರ ಜುಲೈ 1ರಿಂದ ಹೊಸ ಕಾರುಗಳಲ್ಲಿ ಚಾಲಕನಿಗೆ ಗಾಳಿಚೀಲ, ಪಟ್ಟಿ ಕಟ್ಟದಿದ್ದರೆ ಎಚ್ಚರಿಸುವ ಸದ್ದು, ವೇಗ ಮಿತಿ ಮೀರಿದರೆ ಎಚ್ಚರಿಸುವ ಸದ್ದು, ಹಿಂದಕ್ಕೆ ತೆಗೆಯುವಾಗ ಅಡ್ಡ ಬಂದುದನ್ನು ತಿಳಿಸುವ ಸೆನ್ಸರ್ ಕಡ್ಡಾಯವಾದವು. ವಿದ್ಯುತ್ತು ಕೈಕೊಟ್ಟರೂ ಬಾಗಿಲನ್ನು ಕೈಯಿಂದಲೇ ತೆರೆಯುವ ವ್ಯವಸ್ಥೆಯೂ ಆ ಪಟ್ಟಿಯಲ್ಲಿದೆ. 2023ರ ಅಕ್ಟೋಬರ್ 1ರಿಂದ ಭಾರತ್ ಎನ್‌ಕ್ಯಾಪ್ ಎಂಬ ನಮ್ಮದೇ ಪರೀಕ್ಷೆ ಆರಂಭವಾಯಿತು.

ಯಂತ್ರ ಇಷ್ಟು ಕಲಿತ ಮೇಲೆ ನಾವೂ ಕಲಿಯಬೇಕಷ್ಟೆ. ಗಾಳಿಚೀಲ ಕಣ್ಣೆವೆ ಬಡಿಯುವುದಕ್ಕಿಂತ ಬೇಗ ಉಬ್ಬುತ್ತದೆ. ಪಟ್ಟಿ ಕಟ್ಟಿ, ಸ್ಟೀರಿಂಗಿನಿಂದ ಒಂದು ಗೇಣಿಗಿಂತ ಹೆಚ್ಚು ಹಿಂದೆ ಕೂತವನಿಗೆ ಅದು ದಿಂಬು. ಹತ್ತಿರ ಬಾಗಿ ಕೂತವನಿಗೆ ಅದೇ ಗುದ್ದು. ಅಮೆರಿಕದಲ್ಲಿ 1990ರ ದಶಕದಲ್ಲಿ ಮುಂದಿನ ಆಸನದಲ್ಲಿದ್ದ ಹಲವು ಮಕ್ಕಳು ಗಾಳಿಚೀಲದ ಪೆಟ್ಟಿನಿಂದಲೇ ಸತ್ತ ಮೇಲೆ, ಮಕ್ಕಳನ್ನು ಹಿಂದೆ ಕೂಡಿಸಬೇಕೆಂಬ ನಿಯಮ ಎಲ್ಲ ಕಡೆ ಹರಡಿತು. ಡ್ಯಾಶ್‌ಬೋರ್ಡಿನ ಮೇಲೆ ಗಾಳಿಚೀಲದ ಗುರುತಿರುವ ಜಾಗದಲ್ಲಿ ಕಲ್ಲಿನದೋ ಹಿತ್ತಾಳೆಯದೋ ಮೂರ್ತಿಯನ್ನು ಅಂಟಿಸಬಾರದು. ದೇವರಿಗೆ ಭಕ್ತಿಯಿಂದ ಬೇರೊಂದು ಜಾಗ ಕೊಡಿರಿ. ಮುಂದೆ ಕೂತವರು ಡ್ಯಾಶ್‌ಬೋರ್ಡಿನ ಮೇಲೆ ಕಾಲು ಚಾಚಿ ಮಲಗುವುದೂ ಬೇಡ. ಆಸನದ ಮೇಲಿನ ತಲೆಯಾನು ದಿಂಬಲ್ಲ, ಹಿಂದಿನಿಂದ ಗುದ್ದು ಬಿದ್ದಾಗ ಕೊರಳನ್ನು ಕಾಯುವ ಸಾಧನ. ಅದು ತಲೆಯ ಎತ್ತರಕ್ಕೆ ಬರಬೇಕು.

ಕಾಲಕೆಳಗಿನ ಚಾಪೆಯನ್ನೂ ಉಪೇಕ್ಷಿಸಬಾರದು. 2009ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಚಾಪೆಗೆ ಸಿಕ್ಕ ಆಕ್ಸಿಲರೇಟರ್ ಪೆಡಲು ಮೇಲೇಳದೆ ನಾಲ್ವರಿದ್ದ ಕಾರು ಗುದ್ದಿ ಎಲ್ಲರೂ ಸತ್ತರು. ಟೊಯೋಟಾ ಕಂಪನಿ ಲಕ್ಷಾಂತರ ಕಾರುಗಳನ್ನು ಹಿಂದಕ್ಕೆ ಕರೆಸಬೇಕಾಯಿತು. ನಮ್ಮಲ್ಲಿ ಒಂದು ಚಾಪೆಯ ಮೇಲೆ ಇನ್ನೊಂದನ್ನು ಹಾಸುವವರುಂಟು. ಚಾಲಕನ ಕಾಲ ಬಳಿ ನೀರಿನ ಬಾಟಲಿ ಇಡುವವರುಂಟು. ಅದು ಉರುಳಿ ಬ್ರೇಕಿನ ಪೆಡಲಿನ ಕೆಳಗೆ ಸೇರಿದರೆ ಬ್ರೇಕು ಇದ್ದೂ ಇಲ್ಲದಂತೆ.

ಕಾರನ್ನು ಹೇರುವುದು

ಈಗ ತವರಿನ ಗಂಟಿಗೆ ಬರೋಣ. ಒಂದು ಚೀಲ ಜೋಳವೆಂದರೆ ಒಂದು ಕ್ವಿಂಟಲ್, ಅಂದರೆ ದಪ್ಪನೆಯ ಮನುಷ್ಯನೊಬ್ಬನ ತೂಕಕ್ಕಿಂತ ಹೆಚ್ಚು. ಐವರು ಕೂತ ಸಣ್ಣ ಕಾರಿನಲ್ಲಿ ಎರಡು ಚೀಲ ಹಾಕಿದರೆ ಏಳು ಜನರಿಗಿಂತ ಹೆಚ್ಚು ಭಾರವಾಯಿತು. ಹಿಂಭಾಗ ಕುಸಿದು ಮುಂಭಾಗ ಏಳುತ್ತದೆ. ಮುಂದಿನ ಗಾಲಿಗಳಿಗೆ ಹಿಡಿತ ಕಡಿಮೆಯಾಗುತ್ತದೆ, ದೀಪ ಎದುರಿನವರ ಕಣ್ಣಿಗೆ ಬಡಿಯುತ್ತದೆ, ಬ್ರೇಕು ಹಾಕಿದರೆ ನಿಲ್ಲುವ ದೂರ ಹೆಚ್ಚುತ್ತದೆ. ಹಿಂದಿನ ಭಾರ ಹೆಚ್ಚಾದಾಗ ಚಕ್ಕಡಿಯ ನೊಗ ಎದ್ದ ಹಾಗೆಯೇ ಇದು. ಎತ್ತು ಕೊರಳಾಡಿಸಿ ನೋವನ್ನು ತಿಳಿಸುತ್ತಿತ್ತು, ಕಾರು ತಿಳಿಸುವುದಿಲ್ಲ.

ಆದುದರಿಂದ ಭಾರವಾದುದನ್ನು ಡಿಕ್ಕಿಯ ತಳದಲ್ಲಿ, ಹಿಂದಿನ ಆಸನದ ಬೆನ್ನಿಗೆ ಒತ್ತಿ ಇಡಬೇಕು. ಹಗುರಾದ ರೊಟ್ಟಿಯ ಡಬ್ಬಿ ಮೇಲೆ. ಆಸನದ ಬೆನ್ನಿಗಿಂತ ಎತ್ತರಕ್ಕೆ ಏನನ್ನೂ ಒಟ್ಟಬಾರದು, ಹಿಂದಿನ ಗಾಜಿನ ನೋಟ ಮುಚ್ಚಬಾರದು. ಗಟ್ಟಿ ವಸ್ತುಗಳನ್ನು ಹಗ್ಗದಿಂದ ಬಿಗಿಯಬೇಕು. ಕಾರಿನ ತಲೆಯ ಮೇಲೆ ಹೇರಿದ ಭಾರ ತಿರುವಿನಲ್ಲಿ ಕಾರನ್ನು ಉರುಳಿಸಲು ನೋಡುತ್ತದೆ; ಅಲ್ಲಿಗೆ ಹಗುರಾದದ್ದು ಮಾತ್ರ. ತುಂಬಿದ ಕಾರಿಗೆ ಗಾಲಿಯಲ್ಲಿ ಗಾಳಿ ಎಷ್ಟಿರಬೇಕೆಂಬುದನ್ನು ಚಾಲಕನ ಬಾಗಿಲಿನ ಚೌಕಟ್ಟಿನಲ್ಲಿಯೋ ಕೈಪಿಡಿಯಲ್ಲಿಯೋ ಬರೆದಿರುತ್ತಾರೆ. ಹೊರಡುವ ಮುನ್ನ ಅದನ್ನು ನೋಡುವುದೇ ಇಂದಿನ ಕೀಲೆಣ್ಣೆ. ಅಡುಗೆ ಅನಿಲದ ಸಿಲಿಂಡರನ್ನು ಜನರ ನಡುವೆ ಇಟ್ಟು ಒಯ್ಯುವುದಂತೂ ಬೇಡವೇ ಬೇಡ. ಎಲ್ಲವೂ ಹಿಡಿಸದಿದ್ದರೆ ಒಂದು ಚೀಲ ಲಾರಿಯಲ್ಲಿ ಬರಲಿ. ಜೋಳ ಎರಡು ದಿನ ತಡವಾಗಿ ಬಂದರೆ ರೊಟ್ಟಿಯ ರುಚಿ ಕೆಡುವುದಿಲ್ಲ.

ನಿಲ್ಲಿಸುವುದು

ಕಪ್ಪತಗುಡ್ಡದ ಕಡೆಗಾಗಲಿ, ಇಳಿಜಾರಿನ ಯಾವುದೇ ದಾರಿಯಲ್ಲಾಗಲಿ ಕಾರನ್ನು ನಿಲ್ಲಿಸುವಾಗ ಹ್ಯಾಂಡ್‌ಬ್ರೇಕ್ ಒಂದನ್ನೇ ನಂಬಬಾರದು. ಮುಖ ಇಳಿಜಾರಿಗಿದ್ದರೆ ರಿವರ್ಸ್ ಗೇರಿನಲ್ಲಿ, ಏರಿಗಿದ್ದರೆ ಮೊದಲ ಗೇರಿನಲ್ಲಿ ನಿಲ್ಲಿಸಿ, ಕಾರು ಜಾರಿದರೂ ರಸ್ತೆಯ ಅಂಚಿಗೇ ತಾಗುವಂತೆ ಮುಂದಿನ ಗಾಲಿಗಳನ್ನು ತಿರುಗಿಸಬೇಕು. ಹೆಚ್ಚಿನ ಇಳಿಜಾರಾದರೆ ಹಿರಿಯರ ಕಲ್ಲು ಇದ್ದೇ ಇದೆ. ಹೊರಡುವಾಗ ಆ ಕಲ್ಲನ್ನು ರಸ್ತೆಯಿಂದ ತೆಗೆದು ಬದಿಗೆ ಹಾಕಬೇಕು. ಕೆಟ್ಟುನಿಂತ ಲಾರಿಯವರು ಬಿಟ್ಟುಹೋದ ಕಲ್ಲು ರಾತ್ರಿ ಬೈಕಿನವನ ಪ್ರಾಣವನ್ನು ತೆಗೆಯಬಲ್ಲದು. ಕತ್ತಲಲ್ಲಿ ರಸ್ತೆಯ ಬದಿ ನಿಂತಾಗ ಎಚ್ಚರಿಕೆಯ ದೀಪ ಮಿನುಗುತ್ತಿರಬೇಕು. ಚಕ್ಕಡಿಯ ಕಂದೀಲಿನ ಕೆಲಸವನ್ನೇ ಅದು ಮಾಡುತ್ತದೆ.

ನಮ್ಮ ಸೀಮೆಗೆ ವಿಶೇಷವಾದ ಅಪಾಯವೊಂದಿದೆ. ಸುಗ್ಗಿಯಲ್ಲಿ ರೈತರು ಕಡಲೆ, ಹುರುಳಿ ಮುಂತಾದ ಬೆಳೆಗಳನ್ನು ವಾಹನಗಳ ಗಾಲಿಗೆ ಸಿಕ್ಕಿ ಒಕ್ಕಲಾಗಲೆಂದು ರಸ್ತೆಯ ಮೇಲೆ ಹರಡುತ್ತಾರೆ. ಒಣಗಿದ ಬಳ್ಳಿ, ಹೊಟ್ಟು ಕಾರಿನ ಕೆಳಭಾಗಕ್ಕೆ ಸುತ್ತಿಕೊಳ್ಳುತ್ತದೆ. ಹೊಗೆಯನ್ನು ಶುದ್ಧಗೊಳಿಸುವ ಸಾಧನ, 1995ರಿಂದ ಮಹಾನಗರಗಳ ಕಾರುಗಳ ಮೂಲಕ ನಮ್ಮಲ್ಲಿಗೆ ಬಂದದ್ದು, ಕಾರಿನ ತಳದಲ್ಲಿ ಕಾದ ಹಂಚಿಗಿಂತಲೂ ಬಿಸಿಯಾಗಿರುತ್ತದೆ. ಒಣ ಕಣಿಕೆಯ ಮೇಲೆ ಕಾರು ನಿಲ್ಲಿಸಿದರೆ ಬೆಂಕಿ ಹೊತ್ತಿಕೊಳ್ಳಲು ಬಹಳ ಹೊತ್ತು ಬೇಕಿಲ್ಲ. ಹೊಲದ ಬದಿಯಲ್ಲಿ ಬರಿ ನೆಲ ನೋಡಿ ನಿಲ್ಲಿಸಿರಿ.

ನಿಂತ ಕಾರಿನೊಳಗಿನ ಮಕ್ಕಳು

ಈ ಬರಹಕ್ಕೆ ಮುಖ್ಯ ಪ್ರೇರಣೆಯಾದ ಸಂಗತಿಯನ್ನು ಈಗ ಹೇಳುತ್ತೇನೆ. 2025ರ ಮೇ 18ರಂದು ಆಂಧ್ರಪ್ರದೇಶದ ವಿಜಯನಗರಂ ಬಳಿಯ ದ್ವಾರಪುಡಿ ಗ್ರಾಮದಲ್ಲಿ ಆಟವಾಡುತ್ತಿದ್ದ ನಾಲ್ಕು ಮಕ್ಕಳು ನಿಂತಿದ್ದ ಕಾರೊಂದನ್ನು ಹೊಕ್ಕರು. ಬಾಗಿಲುಗಳು ಮುಚ್ಚಿಕೊಂಡವು. ಮನೆಯವರು ಊರೆಲ್ಲ ಹುಡುಕಿದರು. ಕಾರಿನಲ್ಲಿ ನೋಡುವಷ್ಟರಲ್ಲಿ ನಾಲ್ಕೂ ಮಕ್ಕಳು ತೀರಿಕೊಂಡಿದ್ದರು. ಆ ಕಾರು ಓಡುತ್ತಿರಲಿಲ್ಲ, ಯಾರೂ ವೇಗವಾಗಿ ನಡೆಸಿರಲಿಲ್ಲ. ಬರಿದೇ ನಿಂತಿದ್ದಿತು.

ನಮ್ಮ ಏಪ್ರಿಲ್-ಮೇ ತಿಂಗಳ ಬಿಸಿಲು ನಿಮಗೆ ಗೊತ್ತು. ಗಾಜು ಮುಚ್ಚಿ ಬಿಸಿಲಲ್ಲಿ ನಿಂತ ಕಾರಿನ ಒಳಗಿನ ಉಷ್ಣತೆ ಹತ್ತೇ ನಿಮಿಷದಲ್ಲಿ ಸುಮಾರು 10 ಡಿಗ್ರಿ ಏರುತ್ತದೆ, ಅರ್ಧ ಗಂಟೆಯ ಸುಮಾರಿಗೆ 20 ಡಿಗ್ರಿಯ ಹತ್ತಿರ ಬರುತ್ತದೆ. ಹೊರಗೆ 38 ಇದ್ದರೆ ಒಳಗೆ ಎಷ್ಟೆಂದು ನೀವೇ ಕೂಡಿಸಿರಿ. ಮಕ್ಕಳ ಮೈ ದೊಡ್ಡವರ ಮೈಗಿಂತ ಬಹಳ ಬೇಗ ಕಾಯುತ್ತದೆ. 1998ರ ಬೇಸಗೆಯಲ್ಲಿ ಅಮೆರಿಕದಲ್ಲಿ ಆಟವಾಡುತ್ತ ಡಿಕ್ಕಿಯೊಳಗೆ ಸಿಕ್ಕಿಕೊಂಡು ಹನ್ನೊಂದು ಮಕ್ಕಳು ಸತ್ತರು. ಅಲ್ಲಿಯ ಸರಕಾರ 2002ರ ಮಾದರಿಯ ಕಾರುಗಳಿಂದ ಡಿಕ್ಕಿಯನ್ನು ಒಳಗಿನಿಂದಲೇ ತೆರೆಯುವ, ಕತ್ತಲಲ್ಲಿ ಹೊಳೆಯುವ ಹಿಡಿಯನ್ನು ಕಡ್ಡಾಯಗೊಳಿಸಿತು. ಕಾರಿನ ಸಣ್ಣದೊಂದು ಹಿಡಿಯ ಹಿಂದೆಯೂ ಯಾರದೋ ಮಕ್ಕಳ ಸಾವಿದೆ.

ಆದುದರಿಂದ ಮನೆಯಂಗಳದಲ್ಲಿಯೂ ಕಾರಿಗೆ ಕೀಲಿ ಹಾಕಿರಿ. ಕೀಲಿ ಆಟಿಕೆಯಲ್ಲ. ಐದು ನಿಮಿಷದ ಕೆಲಸಕ್ಕೂ ಮಗುವನ್ನು ಒಳಗೆ ಬಿಟ್ಟು ಹೋಗಬೇಡಿರಿ. ಮಗು ಕಾಣದಿದ್ದರೆ ಬಾವಿ, ಹೊಂಡಗಳ ಜೊತೆಗೆ ಮೊದಲು ಕಾರಿನ ಒಳಗೂ ಡಿಕ್ಕಿಯಲ್ಲಿಯೂ ನೋಡಿರಿ. ಹಿಂದಿನ ಬಾಗಿಲುಗಳಿಗೆ ಮಕ್ಕಳ ಬೀಗ ಹಾಕಿದ್ದರೆ ಅವು ಒಳಗಿನಿಂದ ತೆರೆಯುವುದಿಲ್ಲ. ಆದರೆ ಮುಂದಿನ ಬಾಗಿಲುಗಳಿಗೆ ಆ ಬೀಗವಿರುವುದಿಲ್ಲ. ಸಿಕ್ಕಿಕೊಂಡರೆ ಮುಂದಿನ ಆಸನಕ್ಕೆ ದಾಟಿ ಬಾಗಿಲಿನ ಹಿಡಿ ಎಳೆಯಬೇಕು, ಹಾರ್ನ್ ಒತ್ತುತ್ತಲೇ ಇರಬೇಕು ಎಂದು ಮಕ್ಕಳಿಗೆ ಕಲಿಸಿರಿ. ಬಹುತೇಕ ಕಾರುಗಳಲ್ಲಿ ಕೀಲಿ ಇಲ್ಲದೆಯೂ ಹಾರ್ನ್ ಕೂಗುತ್ತದೆ. ನಿಮ್ಮದರಲ್ಲಿ ಕೂಗುವುದೋ ಇಲ್ಲವೋ ಇಂದೇ ನೋಡಿಕೊಳ್ಳಿರಿ.

ಕಳೆದುಕೊಂಡದ್ದು ಯಾವುದು?

ಚಕ್ಕಡಿಯಿಂದ ಕಾರಿಗೆ ಬರುವಾಗ ನಾವು ಪಡೆದದ್ದು ಅಪಾರ. ಮುಂಡರಗಿಯಿಂದ ಸುಮಾರು 40 ಕಿ.ಮೀ. ದೂರದ ಗದುಗಿಗೆ ಹೆರಿಗೆಯ ಹೆಣ್ಣುಮಗಳನ್ನು ಒಂದು ಗಂಟೆಯೊಳಗೆ ಕರೆತರಬಹುದೆಂಬುದು ಸಣ್ಣ ಭಾಗ್ಯವಲ್ಲ. ಕಳೆದುಕೊಂಡದ್ದು ಒಂದನ್ನೇ. ಮನೆಯವರೆಲ್ಲರ ವಿದ್ಯೆಯಾಗಿದ್ದುದು ಓಡಿಸುವವನೊಬ್ಬನ ವಿದ್ಯೆಯಾಯಿತು. ಏರಿನಲ್ಲಿ ಎತ್ತ ಸರಿಯಬೇಕೆಂದು ಬಲ್ಲ ಅಜ್ಜಿ ಇಂದು ಕಾರಿನ ಹಿಂದಿನ ಆಸನದಲ್ಲಿ ಬಾಗಿಲು ತೆರೆಯುವುದು ಹೇಗೆಂದು ತಿಳಿಯದೆ ಮೊಮ್ಮಗನಿಗಾಗಿ ಕಾಯುತ್ತಾಳೆ. ಪಟ್ಟಿ ಕಟ್ಟಲು ಬರುವುದಿಲ್ಲವೆಂದು ಹೇಳಲು ಸಂಕೋಚಪಟ್ಟು ಹಾಗೆಯೇ ಕೂಡುತ್ತಾಳೆ. ಚಾಲಕನಿಗೆ ಪರವಾನಗಿ ಕೊಡುವ ಮುನ್ನ ಸರಕಾರ ಪರೀಕ್ಷೆ ಮಾಡುತ್ತದೆ. ಉಳಿದವರಿಗೆ ಕಲಿಸುವ ಹೊಣೆ ನಮ್ಮದೇ.

ಮುಂದಿನ ಸಲ ಊರಿಗೆ ಬಂದಾಗ ಹೊರಡುವ ಮುನ್ನ ಹತ್ತು ನಿಮಿಷ ಇದಕ್ಕೆ ಮೀಸಲಿಡಿರಿ. ಮನೆಯ ಹಿರಿಯರೂ ಮಕ್ಕಳೂ ತಾವಾಗಿಯೇ ಪಟ್ಟಿ ಕಟ್ಟಲಿ, ತಾವಾಗಿಯೇ ಬಿಚ್ಚಲಿ. ಬಾಗಿಲು ತೆರೆಯಲಿ, ಹಾರ್ನ್ ಒತ್ತಲಿ, ಎಚ್ಚರಿಕೆಯ ದೀಪದ ಕೆಂಪು ತ್ರಿಕೋನದ ಗುಂಡಿ ಎಲ್ಲಿದೆಯೆಂದು ನೋಡಲಿ. ಡಿಕ್ಕಿಯಲ್ಲಿ ಚೀಲಗಳನ್ನು ಹೊಂದಿಸುವಾಗ ಅಜ್ಜನನ್ನೂ ಕೇಳಿರಿ. ಕಾರನ್ನು ಎಂದೂ ನಡೆಸದಿದ್ದರೂ ಹೇರುವುದನ್ನು ಆತ ನಿಮಗಿಂತ ಚೆನ್ನಾಗಿ ಬಲ್ಲ.

ಎಲ್ಲರ ಪ್ರಯಾಣಗಳೂ ಸುಖಕರವಾಗಿರಲಿ. ಊರು ಮುಟ್ಟಿದ ಕೂಡಲೇ ಮನೆಗೆ ಒಂದು ಫೋನು ಮಾಡಿರಿ. ಇಲ್ಲಿ ಕಾಯುತ್ತಿರುತ್ತಾರೆ.

ಶುಭವಾಗಲಿ.